ರಬ್ಬರ್ ಬಲೂನು: ಸಣ್ಣ ಸರಕಿನ ಬಹು ಉಪಯೋಗಗಳು ಮತ್ತು ವರ್ತಕರ ಹೊಣೆ

ನಮ್ಮ ಜಿಲ್ಲೆಯ ವಾಣಿಜ್ಯ ಚಟುವಟಿಕೆಗಳ ಪ್ರಸ್ತಾಪ ಬಂದಾಗಲೆಲ್ಲ ಶೇಂಗಾ, ಹತ್ತಿ, ಎಣ್ಣೆ ಗಿರಣಿ, ಕಬ್ಬಿಣದ ಅದಿರು, ಜೋಗಿಮಟ್ಟಿಯ ಗಾಳಿಯಂತ್ರಗಳು ಇವುಗಳೇ ಮುನ್ನೆಲೆಗೆ ಬರುತ್ತವೆ. ಹಳ್ಳಿಗಳಲ್ಲಿ ಇಂದಿಗೂ ‘ಪುಗ್ಗ’ ಎಂದು ಕರೆಯಲ್ಪಡುವ ರಬ್ಬರ್ ಬಲೂನಿನ ಬಗ್ಗೆ ಯಾರೂ ಗಂಭೀರವಾಗಿ ಆಲೋಚಿಸುವುದಿಲ್ಲ. ಆದರೆ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ರಥೋತ್ಸವದಿಂದ ಹಿಡಿದು ಹಿರಿಯೂರಿನ ತೇರುಮಲ್ಲೇಶ್ವರ ಜಾತ್ರೆಯವರೆಗೆ ಬಲೂನು ಇಲ್ಲದ ಜಾತ್ರೆಯೊಂದನ್ನು ತೋರಿಸುವುದು ಕಷ್ಟ. ಹೊಸದುರ್ಗ, ಹೊಳಲ್ಕೆರೆಗಳ ಕಲ್ಯಾಣ ಮಂಟಪಗಳಲ್ಲಿ ಹೂವಿನ ಅಲಂಕಾರದ ಪಕ್ಕದಲ್ಲೇ ಬಲೂನಿನ ಕಮಾನು ಸ್ಥಾನ ಪಡೆದಿದೆ. ಹುಟ್ಟುಹಬ್ಬ, ಅಂಗಡಿಯ ಪ್ರಾರಂಭೋತ್ಸವ, ಶಾಲಾ ವಾರ್ಷಿಕೋತ್ಸವ, ಚುನಾವಣಾ ಸಭೆ ಎಲ್ಲಕ್ಕೂ ಅದು ಬೇಕು.

ಹಲವು ಕುಟುಂಬಗಳ ಜೀವನೋಪಾಯವಾಗಿರುವ ಈ ಸರಕು ಯಾವುದರಿಂದ ತಯಾರಾಗುತ್ತದೆ, ಎಲ್ಲೆಲ್ಲಿ ಬಳಕೆಯಾಗುತ್ತದೆ, ಅದರೊಳಗೆ ತುಂಬುವ ಅನಿಲದ ಗುಣಾವಗುಣಗಳೇನು, ಅದರ ಲೆಕ್ಕ ಮತ್ತು ಕಾನೂನು ಹೇಗೆ ಎಂಬುದನ್ನು ಸದಸ್ಯ ಬಾಂಧವರ ಮುಂದಿಡುವುದು ಈ ಲೇಖನದ ಉದ್ದೇಶ. ಗಾಳಿ ತುಂಬಿದ ಸಾಧಾರಣ ಬಲೂನೇ ಸಣ್ಣ ವ್ಯಾಪಾರಿಗೆ ಅತ್ಯಂತ ಸುರಕ್ಷಿತ ಮತ್ತು ಅತ್ಯಂತ ಲಾಭದಾಯಕ ಸರಕು ಎಂಬುದನ್ನು ಕೊನೆಯಲ್ಲಿ ಅಂಕಿಗಳಿಂದಲೇ ತೋರಿಸಲು ಪ್ರಯತ್ನಿಸಿದ್ದೇನೆ.

ಹುಟ್ಟು ಮತ್ತು ಬೆಳವಣಿಗೆ

ಮನುಷ್ಯರನ್ನು ಆಕಾಶಕ್ಕೆ ಒಯ್ದ ಬಲೂನು ಬೇರೆ, ನಾವು ಮಾತನಾಡುತ್ತಿರುವ ಬಲೂನು ಬೇರೆ. 1783ರಲ್ಲಿ ಫ್ರಾನ್ಸಿನ ಮಾಂಟ್‌ಗಾಲ್ಫಿಯೆ ಸಹೋದರರು ಬಟ್ಟೆ ಹಾಗೂ ಕಾಗದದ ಚೀಲದಲ್ಲಿ ಬಿಸಿಗಾಳಿ ತುಂಬಿ ಹಾರಿಸಿದರು. ಅದೇ ವರ್ಷ ಜಾಕ್ ಚಾರ್ಲ್ಸ್ ಎಂಬ ವಿಜ್ಞಾನಿಯು ರೇಷ್ಮೆ ಬಟ್ಟೆಗೆ ರಬ್ಬರ್ ದ್ರಾವಣವನ್ನು ಲೇಪಿಸಿ, ಅದರೊಳಗೆ ಹೈಡ್ರೋಜನ್ ತುಂಬಿ ಹಾರಿಬಿಟ್ಟನು. ರಬ್ಬರಿಗೂ ಬಲೂನಿಗೂ ನಂಟು ಬೆಳೆದದ್ದು ಅಲ್ಲಿಂದ.

ಅಪ್ಪಟ ರಬ್ಬರಿನ ಬಲೂನನ್ನು ಮೊದಲು ಮಾಡಿದವರು ವಿದ್ಯುತ್ ವಿಜ್ಞಾನದ ಪಿತಾಮಹರಲ್ಲೊಬ್ಬರಾದ ಮೈಕೆಲ್ ಫ್ಯಾರಡೆ. 1824ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹೈಡ್ರೋಜನ್ ಪ್ರಯೋಗಗಳಿಗಾಗಿ ಅವರು ಎರಡು ರಬ್ಬರ್ ಹಾಳೆಗಳ ಅಂಚನ್ನು ಒತ್ತಿ ಅಂಟಿಸಿ, ಒಳಭಾಗ ಅಂಟಿಕೊಳ್ಳದಂತೆ ಹಿಟ್ಟು ಸವರಿ ಬಲೂನು ತಯಾರಿಸಿದರು. ಮರುವರ್ಷವೇ ಥಾಮಸ್ ಹ್ಯಾನ್ಕಾಕ್ ಎಂಬ ರಬ್ಬರ್ ಉದ್ಯಮಿ, ರಬ್ಬರ್ ದ್ರಾವಣದ ಬಾಟಲಿ ಮತ್ತು ಒಂದು ಪಿಚಕಾರಿಯನ್ನು ಒಟ್ಟಿಗೆ ಇಟ್ಟು, ಮನೆಯಲ್ಲೇ ಬಲೂನು ಮಾಡಿಕೊಳ್ಳುವ ಸಾಮಗ್ರಿಯನ್ನು ಮಾರಾಟಕ್ಕೆ ತಂದರು. ಪ್ರಯೋಗಾಲಯದ ವಸ್ತುವನ್ನು ಒಂದೇ ವರ್ಷದಲ್ಲಿ ಪೇಟೆಯ ಸರಕಾಗಿಸಿದ ಅವರ ವ್ಯಾಪಾರ ಬುದ್ಧಿ ಗಮನಾರ್ಹ.

ಆ ಕಾಲದ ರಬ್ಬರ್ ಬೇಸಿಗೆಯಲ್ಲಿ ಅಂಟಾಗುತ್ತಿತ್ತು, ಚಳಿಯಲ್ಲಿ ಬಿರುಸಾಗಿ ಒಡೆಯುತ್ತಿತ್ತು. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸುವ ವಿಧಾನವನ್ನು ಕಂಡುಕೊಂಡ ಮೇಲೆ ಈ ದೋಷ ನೀಗಿತು. ಈ ಸಂಸ್ಕರಣೆಗೆ ವಲ್ಕನೈಸೇಷನ್ ಎಂದು ಹೆಸರು. 1847ರಲ್ಲಿ ಲಂಡನ್ನಿನ ಜೆ. ಜಿ. ಇಂಗ್ರಾಂ ಅವರು ಹೀಗೆ ಸಂಸ್ಕರಿಸಿದ ಆಟಿಕೆ ಬಲೂನುಗಳನ್ನು ತಯಾರಿಸಿದರು. 1931ರಲ್ಲಿ ಅಮೆರಿಕದ ನೀಲ್ ಟಿಲಟ್‌ಸನ್ ಅವರು ರಬ್ಬರ್ ಹಾಲಿನಲ್ಲಿ ಅಚ್ಚನ್ನು ನೇರವಾಗಿ ಅದ್ದಿ ಬೆಕ್ಕಿನ ಮುಖದ ಆಕಾರದ ಬಲೂನುಗಳನ್ನು ತೆಗೆದರು. ಇಂದಿನ ಬಲೂನು ಕೈಗಾರಿಕೆಯು ಈ ಅದ್ದುವ ವಿಧಾನದ ಮೇಲೆಯೇ ನಿಂತಿದೆ.

ರಬ್ಬರ್ ಹಾಲಿನಿಂದ ಬಲೂನಿನವರೆಗೆ

ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ನಮ್ಮ ಬಯಲುಸೀಮೆಯಲ್ಲಿ ರಬ್ಬರ್ ಮರ ಬೆಳೆಯದು. ಅದಕ್ಕೆ ಸುಮಾರು 2,000 ಮಿಲಿಮೀಟರ್ ಮಳೆಯೂ ಬೆಚ್ಚನೆಯ ತೇವದ ಹವೆಯೂ ಬೇಕು. ರಾಜ್ಯದಲ್ಲಿ ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು, ಬೆಳ್ತಂಗಡಿ ಭಾಗಗಳಲ್ಲಿಯೂ ಉಡುಪಿ, ಕೊಡಗು ಮತ್ತು ಮಲೆನಾಡಿನ ಕೆಲವೆಡೆಗಳಲ್ಲಿಯೂ ರಬ್ಬರ್ ತೋಟಗಳಿವೆ. ಸುಳ್ಯ, ಪುತ್ತೂರು ಪ್ರದೇಶದಲ್ಲಿ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ತೋಟಗಳಿದ್ದು, ಶ್ರೀಲಂಕಾದಿಂದ ಮರಳಿ ಬಂದ ತಮಿಳು ಕುಟುಂಬಗಳಿಗೆ ಅಲ್ಲಿ ಉದ್ಯೋಗ ಕಲ್ಪಿಸಲಾಯಿತು. 1947ರ ರಬ್ಬರ್ ಕಾಯಿದೆಯನ್ವಯ ರಚಿತವಾದ, ಕೊಟ್ಟಾಯಂನಲ್ಲಿ ಕೇಂದ್ರ ಕಚೇರಿಯಿರುವ ರಬ್ಬರ್ ಮಂಡಳಿಯು ಈ ಬೆಳೆಯ ಮೇಲ್ವಿಚಾರಣೆ ನಡೆಸುತ್ತದೆ.

ಮರದ ತೊಗಟೆಯನ್ನು ಓರೆಯಾಗಿ ಕೆತ್ತಿದಾಗ ಒಸರುವ ಹಾಲಿನಲ್ಲಿ ಶೇ. 30ರಿಂದ 40ರಷ್ಟು ಮಾತ್ರ ರಬ್ಬರ್ ಇರುತ್ತದೆ. ಅದು ಹೆಪ್ಪುಗಟ್ಟದಂತೆ ಅಮೋನಿಯ ಸೇರಿಸಿ, ಯಂತ್ರದಲ್ಲಿ ವೇಗವಾಗಿ ತಿರುಗಿಸಿ ನೀರಿನಂಶ ಬೇರ್ಪಡಿಸಿ, ರಬ್ಬರಿನ ಅಂಶವನ್ನು ಶೇ. 60ಕ್ಕೆ ಏರಿಸಲಾಗುತ್ತದೆ. ಬಲೂನು ಕಾರ್ಖಾನೆಗೆ ಡ್ರಮ್ಮುಗಳಲ್ಲಿ ಬರುವುದು ಈ ಗಟ್ಟಿ ಹಾಲು.

ಕಾರ್ಖಾನೆಯಲ್ಲಿ ಅದಕ್ಕೆ ಗಂಧಕ, ಸತುವಿನ ಆಕ್ಸೈಡ್, ಸಂಸ್ಕರಣೆಯನ್ನು ತ್ವರಿತಗೊಳಿಸುವ ರಾಸಾಯನಿಕಗಳು ಮತ್ತು ಬಣ್ಣ ಬೆರೆಸುತ್ತಾರೆ. ಬಲೂನಿನ ಆಕಾರದ ಅಚ್ಚುಗಳನ್ನು ಮೊದಲು ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣದಲ್ಲಿಯೂ ನಂತರ ರಬ್ಬರ್ ಹಾಲಿನಲ್ಲಿಯೂ ಅದ್ದಿದಾಗ ಅಚ್ಚಿನ ಮೇಲೆ ತೆಳುವಾದ ಪದರ ಹೆಪ್ಪುಗಟ್ಟುತ್ತದೆ. ಕುತ್ತಿಗೆಯ ಅಂಚನ್ನು ಬ್ರಷ್ಷಿನಿಂದ ಸುರುಳಿ ಮಾಡಿ, ಬಿಸಿನೀರಿನಲ್ಲಿ ತೊಳೆದು, ಒಲೆಯಲ್ಲಿ ಕಾಯಿಸಿ, ಅಚ್ಚಿನಿಂದ ಕಳಚಿದರೆ ಬಲೂನು ಸಿದ್ಧ. ಬಿಸಿನೀರಿನಲ್ಲಿ ತೊಳೆಯುವ ಹಂತವನ್ನು ಉಳಿತಾಯದ ನೆಪದಲ್ಲಿ ಕಡಿತಗೊಳಿಸಬಾರದು. ರಬ್ಬರ್ ಹಾಲಿನ ಪ್ರೋಟೀನು ಉಳಿದುಕೊಂಡರೆ ಕೆಲವರಿಗೆ ಚರ್ಮದ ತುರಿಕೆಯಿಂದ ಉಸಿರಾಟದ ತೊಂದರೆಯವರೆಗೆ ಅಲರ್ಜಿ ಉಂಟಾಗುತ್ತದೆ.

ಇದೇ ಅದ್ದುವ ತಂತ್ರದಿಂದ ಕೈಗವಸು ಮತ್ತು ನಿರೋಧ್‌ಗಳೂ ತಯಾರಾಗುತ್ತವೆ. ಹಿಂದೂಸ್ತಾನ್ ಲೇಟೆಕ್ಸ್ ಎಂಬ ಹೆಸರಿನಿಂದ 1966ರಲ್ಲಿ ಸ್ಥಾಪನೆಯಾದ, ಈಗ ಎಚ್‌ಎಲ್‌ಎಲ್ ಲೈಫ್‌ಕೇರ್ ಎಂದು ಹೆಸರಾಗಿರುವ ಕೇಂದ್ರ ಸರ್ಕಾರದ ಉದ್ಯಮವು ಬೆಳಗಾವಿ ಜಿಲ್ಲೆಯ ಕಣಗಲಾದಲ್ಲಿ ತನ್ನ ಒಂದು ಕಾರ್ಖಾನೆಯನ್ನು 1980ರ ದಶಕದಿಂದ ನಡೆಸಿಕೊಂಡು ಬಂದಿದೆ. ರಬ್ಬರ್ ಬೆಳೆಯದ ಊರಿನಲ್ಲಿಯೂ ರಬ್ಬರ್ ಹಾಲಿನ ಕೈಗಾರಿಕೆ ನೆಲೆಯೂರಬಲ್ಲದೆಂಬುದಕ್ಕೆ ಇದು ನಿದರ್ಶನ. ಚಿತ್ರದುರ್ಗವು ಎರಡು ರಾಷ್ಟ್ರೀಯ ಹೆದ್ದಾರಿಗಳು ಸಂಧಿಸುವ ಸ್ಥಳವಾದ್ದರಿಂದ ಕಚ್ಚಾ ಸಾಮಗ್ರಿ ತರುವುದಾಗಲಿ ಸರಕು ಕಳಿಸುವುದಾಗಲಿ ಇಲ್ಲಿನ ಉದ್ಯಮಿಗೆ ದುಸ್ತರವಲ್ಲ. ಆದರೆ ತೊಳೆಯುವ ಹಂತಕ್ಕೆ ಬೇಕಾಗುವ ನೀರು ಮತ್ತು ಅಮೋನಿಯ ಬೆರೆತ ತ್ಯಾಜ್ಯ ನೀರಿನ ಶುದ್ಧೀಕರಣ, ಇವೆರಡರ ವೆಚ್ಚವನ್ನು ಯೋಜನಾ ವರದಿಯಲ್ಲಿ ಮೊದಲೇ ಸೇರಿಸಿಕೊಳ್ಳತಕ್ಕದ್ದು.

ಬಹುವಿಧ ಉಪಯೋಗಗಳು

ಮೊದಲನೆಯದು ಆಟ ಮತ್ತು ಅಲಂಕಾರ. ದುಂಡು ಬಲೂನು, ತಿರುಚಿ ನಾಯಿ, ಮೊಲ ಮಾಡುವ ಉದ್ದ ಬಲೂನು, ಊದಿ ಬಿಟ್ಟರೆ ಸದ್ದು ಮಾಡುವ ಪೀಪಿ ಬಲೂನು, ನೀರು ತುಂಬಿ ಎಸೆಯುವ ಹೋಳಿ ಬಲೂನು ಹೀಗೆ ಬಗೆಗಳು ಹಲವು. ಪೇಟೆಯಲ್ಲಿ ಮಿನುಗುವ ಅಕ್ಷರ ಮತ್ತು ಅಂಕಿಗಳ ಆಕಾರದ ಬಲೂನುಗಳು ರಬ್ಬರಿನವಲ್ಲ. ಅವು ಲೋಹ ಲೇಪಿತ ಪ್ಲಾಸ್ಟಿಕ್ ಹಾಳೆಯವು. ಈ ಹಾಳೆ ವಿದ್ಯುತ್ತನ್ನು ಹರಿಸುವುದರಿಂದ ವಿದ್ಯುತ್ ತಂತಿಗಳಿರುವೆಡೆ ಅವನ್ನು ಹಾರಿಬಿಡುವುದು ಅಪಾಯಕರ.

ಎರಡನೆಯದು ಹವಾಮಾನ ವೀಕ್ಷಣೆ. ಮುಂಗಾರು ಯಾವಾಗ, ಶೇಂಗಾ ಬಿತ್ತನೆ ಎಂದು ಎಂಬ ಪ್ರಶ್ನೆಯ ಮೇಲೆ ನಮ್ಮ ಜಿಲ್ಲೆಯ ರೈತರ ಮತ್ತು ಎಪಿಎಂಸಿ ವರ್ತಕರ ವರ್ಷದ ಲೆಕ್ಕಾಚಾರ ನಿಂತಿದೆ. ಮುನ್ಸೂಚನೆಯ ಮೂಲ ಮಾಹಿತಿಯ ಒಂದು ಭಾಗ ಬರುವುದು ರಬ್ಬರ್ ಬಲೂನಿನಿಂದ. ಭಾರತೀಯ ಹವಾಮಾನ ಇಲಾಖೆಯು ರಾಜ್ಯದಲ್ಲಿ ಬೆಂಗಳೂರು ಮತ್ತು ಮಂಗಳೂರಿನಿಂದ ಇಂತಹ ಬಲೂನುಗಳನ್ನು ಹಾರಿಬಿಡುತ್ತದೆ. ಅವುಗಳಿಗೆ ಕಟ್ಟಿದ ರೇಡಿಯೋಸಾಂಡ್ ಎಂಬ ಪುಟ್ಟ ಉಪಕರಣವು ಮೇಲೇರುತ್ತಾ ಉಷ್ಣತೆ, ತೇವಾಂಶ, ಒತ್ತಡ ಮತ್ತು ಗಾಳಿಯ ವಿವರಗಳನ್ನು ರೇಡಿಯೋ ಮೂಲಕ ಕಳುಹಿಸುತ್ತದೆ. ವಿಶ್ವದ ಎಲ್ಲ ದೇಶಗಳಿಗೂ ಏಕಕಾಲದ ವೀಕ್ಷಣೆ ಬೇಕಾಗಿರುವುದರಿಂದ ಭಾರತೀಯ ಕಾಲಮಾನ ಬೆಳಿಗ್ಗೆ 5.30 ಮತ್ತು ಸಂಜೆ 5.30 ಇದಕ್ಕೆ ನಿಗದಿತ ಸಮಯ. ಮೇಲೇರಿದಂತೆ ಹೊರಗಿನ ಒತ್ತಡ ತಗ್ಗಿ ಬಲೂನು ಹಿಗ್ಗುತ್ತದೆ. ನೆಲದ ಮೇಲೆ ಸುಮಾರು ಎರಡು ಮೀಟರ್ ವ್ಯಾಸವಿದ್ದದ್ದು ಮೂವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಅದರ ಹಲವು ಪಟ್ಟಾಗಿ ಒಡೆಯುತ್ತದೆ. ಇಷ್ಟು ಹಿಗ್ಗುವ ಗುಣ ರಬ್ಬರಿಗೆ ಮಾತ್ರ ಸಹಜವಾದ್ದರಿಂದ ಈ ಕೆಲಸಕ್ಕೆ ಅದರ ಸ್ಥಾನ ಇನ್ನೂ ಅಬಾಧಿತ. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಹೊಸಕೋಟೆ ಬಳಿಯ ತಮ್ಮ ಆವರಣದಿಂದ 2010ರ ದಶಕದಲ್ಲಿ ಇದೇ ಬಗೆಯ ಬಲೂನುಗಳ ಮೂಲಕ ಹಗುರವಾದ ಉಪಕರಣಗಳನ್ನು ಮೇಲೆ ಕಳುಹಿಸಿ, ಕಡಿಮೆ ವೆಚ್ಚದ ಸಂಶೋಧನೆ ಸಾಧ್ಯವೆಂದು ತೋರಿಸಿದರು.

ಮೂರನೆಯದು ವೈದ್ಯಕೀಯ ಕ್ಷೇತ್ರ. ಮೂತ್ರ ವಿಸರ್ಜನೆಗೆ ಅಳವಡಿಸುವ ನಳಿಕೆಯು ಜಾರಿ ಹೊರಬಾರದಂತೆ ಅದರ ತುದಿಯಲ್ಲಿ ಪುಟ್ಟ ಬಲೂನು ಇರುತ್ತದೆ. 1930ರ ದಶಕದಲ್ಲಿ ಇದನ್ನು ರೂಪಿಸಿದ ಡಾ. ಫ್ರೆಡರಿಕ್ ಫೋಲಿ ಅವರ ಹೆಸರಿನಲ್ಲಿಯೇ ಅದು ಆಸ್ಪತ್ರೆಗಳಲ್ಲಿ ಫೋಲಿ ಕ್ಯಾಥಿಟರ್ ಎಂದು ಪ್ರಸಿದ್ಧ. ರಕ್ತನಾಳದಲ್ಲಿ ಸಿಲುಕಿದ ಹೆಪ್ಪನ್ನು ಬಲೂನಿನ ಸಹಾಯದಿಂದ ಎಳೆದು ತೆಗೆಯುವ ವಿಧಾನವನ್ನು 1963ರಲ್ಲಿ ಡಾ. ಥಾಮಸ್ ಫೋಗಾರ್ಟಿ ಪ್ರಕಟಿಸಿದರು. ಅವರ ಮೊದಲ ಬಲೂನು ಶಸ್ತ್ರಚಿಕಿತ್ಸೆಯ ರಬ್ಬರ್ ಕೈಗವಸಿನ ಬೆರಳ ತುದಿಯಾಗಿತ್ತು. ಹೆರಿಗೆಯ ನಂತರದ ತೀವ್ರ ರಕ್ತಸ್ರಾವವನ್ನು ನಿಲ್ಲಿಸಲು ಬಾಂಗ್ಲಾದೇಶದ ಡಾ. ಸಯೇಬಾ ಅಖ್ತರ್ ಅವರು ನಿರೋಧ್ ಅನ್ನು ಕ್ಯಾಥಿಟರಿಗೆ ಕಟ್ಟಿ, ಗರ್ಭಾಶಯದೊಳಗೆ ಲವಣಯುಕ್ತ ನೀರಿನಿಂದ ಹಿಗ್ಗಿಸುವ ವಿಧಾನವನ್ನು 2003ರಲ್ಲಿ ಪ್ರಕಟಿಸಿದರು. ದುಬಾರಿ ಉಪಕರಣಗಳಿಲ್ಲದ ಆಸ್ಪತ್ರೆಗಳಲ್ಲಿ ತಾಯಂದಿರ ಜೀವ ಉಳಿಸುವ ಮಾರ್ಗ ಇದು.

ನಾಲ್ಕನೆಯದು ಶಿಕ್ಷಣ ಮತ್ತು ಕೈಗಾರಿಕೆ. ಶಾಲೆಯಲ್ಲಿ ಗಾಳಿಯ ಒತ್ತಡ, ಸ್ಥಾಯಿ ವಿದ್ಯುತ್ತು, ರಾಕೆಟ್ಟಿನ ತತ್ವ ಇವೆಲ್ಲವನ್ನೂ ಕೆಲವೇ ರೂಪಾಯಿಗಳ ಬಲೂನಿನಿಂದ ವಿವರಿಸಬಹುದು. ಒಳಚರಂಡಿ ಕೊಳವೆಗಳ ದುರಸ್ತಿ ವೇಳೆ ನೀರಿನ ಹರಿವನ್ನು ತಾತ್ಕಾಲಿಕವಾಗಿ ತಡೆಯಲು ದಪ್ಪ ರಬ್ಬರಿನ ಗಾಳಿಚೀಲಗಳನ್ನು ಬಳಸುತ್ತಾರೆ. ಕಾಲ್ಚೆಂಡು, ವಾಲಿಬಾಲುಗಳ ಒಳಗಿನ ಬ್ಲಾಡರ್ ಕೂಡ ಬಲೂನಿನ ಬಂಧುವೇ.

ಯಾವ ಅನಿಲ ತುಂಬಬೇಕು?

ಬಲೂನಿನ ವ್ಯಾಪಾರದಲ್ಲಿ ಪ್ರಾಣಾಪಾಯದ ಪ್ರಶ್ನೆ ಇರುವುದು ಇಲ್ಲಿ. ಸಾಧಾರಣ ಗಾಳಿ ತುಂಬಿದ ಬಲೂನು ಮೇಲಕ್ಕೇರದು. ಮೇಲೇರಬೇಕಾದರೆ ಗಾಳಿಗಿಂತ ಹಗುರವಾದ ಹೀಲಿಯಂ ಅಥವಾ ಹೈಡ್ರೋಜನ್ ಬೇಕು.

ಹೀಲಿಯಂ ಉರಿಯುವುದಿಲ್ಲ. ಆದರೆ ಭಾರತವು ತನ್ನ ಅಗತ್ಯದ ಬಹುಪಾಲು ಹೀಲಿಯಂ ಅನ್ನು ವಿದೇಶಗಳಿಂದ ತರಿಸಿಕೊಳ್ಳುವುದರಿಂದ ಅದು ದುಬಾರಿ. ಹೈಡ್ರೋಜನ್ ಅಗ್ಗ. ಆದರೆ ಗಾಳಿಯಲ್ಲಿ ಅದರ ಪ್ರಮಾಣ ಶೇ. 4ರಿಂದ ಶೇ. 75ರವರೆಗೆ ಎಷ್ಟಿದ್ದರೂ ಬೆಂಕಿ ಹತ್ತಿಕೊಳ್ಳುತ್ತದೆ. ಬಟ್ಟೆಯ ಉಜ್ಜುವಿಕೆಯಿಂದ ಹುಟ್ಟುವ ಕಣ್ಣಿಗೆ ಕಾಣದ ಕಿಡಿಯೂ ಸಾಕು. ಎತ್ತುವ ಶಕ್ತಿಯಲ್ಲಿ ಹೈಡ್ರೋಜನ್ ಹೀಲಿಯಂಗಿಂತ ಕೇವಲ ಶೇ. 8ರಷ್ಟು ಮುಂದಿದೆ. ಅಂದರೆ ವ್ಯಾಪಾರಿ ಅದನ್ನು ಆರಿಸಿಕೊಳ್ಳುವುದು ಗುಣಕ್ಕಾಗಿ ಅಲ್ಲ, ಬೆಲೆಗಾಗಿ ಮಾತ್ರ.

ಇದಕ್ಕಿಂತಲೂ ಆತಂಕಕಾರಿಯಾದುದು ಸ್ಥಳದಲ್ಲಿಯೇ ಹೈಡ್ರೋಜನ್ ತಯಾರಿಸುವ ಪದ್ಧತಿ. ಹಳೆಯ ಸಿಲಿಂಡರಿನಲ್ಲಿ ಕಾಸ್ಟಿಕ್ ಸೋಡಾ ಮತ್ತು ಅಲ್ಯೂಮಿನಿಯಂ ಚೂರುಗಳನ್ನು ನೀರಿನೊಂದಿಗೆ ಸೇರಿಸಿದಾಗ ಅನಿಲದ ಜೊತೆಗೆ ವಿಪರೀತ ಶಾಖವೂ ಹುಟ್ಟುತ್ತದೆ. ಒತ್ತಡವನ್ನು ಅಳೆಯುವ ಮಾಪಕವಾಗಲಿ ಹೊರಬಿಡುವ ಸುರಕ್ಷಾ ಕವಾಟವಾಗಲಿ ಇಲ್ಲದ, ಒಳಗಿನಿಂದ ತುಕ್ಕು ತಿಂದ ಆ ಸಿಲಿಂಡರು ಜನಜಂಗುಳಿಯ ನಡುವೆ ಇಟ್ಟ ಬಾಂಬಿಗೆ ಸಮಾನ. ಹೀಲಿಯಂ ಉರಿಯದಿದ್ದರೂ ಅದರ ಸಿಲಿಂಡರಿನೊಳಗಿನ ಒತ್ತಡವು ವಾತಾವರಣದ ಸುಮಾರು 150 ಪಟ್ಟು ಇರುತ್ತದೆ. ಅವಧಿ ಮೀರಿದ ಸಿಲಿಂಡರು ಅನಿಲ ಯಾವುದೇ ಇದ್ದರೂ ಸಿಡಿಯಬಲ್ಲದು. 2025ರ ಡಿಸೆಂಬರ್ 25ರಂದು, ರಜೆಯ ಜನಸಂದಣಿಯ ನಡುವೆ, ಮೈಸೂರು ಅರಮನೆಯ ಬಳಿ ಬಲೂನು ವ್ಯಾಪಾರಿಯ ಅನಿಲ ಸಿಲಿಂಡರು ಸಿಡಿದು ಆ ವ್ಯಾಪಾರಿಯೇ ಮೊದಲಿಗೆ ಪ್ರಾಣ ಕಳೆದುಕೊಂಡ ದುರಂತವನ್ನು ರಾಜ್ಯದ ಜನತೆ ಮರೆತಿಲ್ಲ. ನಮ್ಮ ಜಿಲ್ಲೆಯ ಜಾತ್ರೆಗಳಲ್ಲಿ ಸೇರುವ ಜನಸ್ತೋಮವನ್ನು ನೆನೆದರೆ ಈ ಎಚ್ಚರಿಕೆ ಇಲ್ಲಿಗೂ ಅನ್ವಯಿಸುತ್ತದೆ.

ಹವಾಮಾನ ಇಲಾಖೆ ಹೈಡ್ರೋಜನ್ ಬಳಸುವುದಿಲ್ಲವೇ ಎಂದು ಕೆಲವರು ಕೇಳಬಹುದು. ಅಲ್ಲಿ ತರಬೇತಿ ಪಡೆದ ಸಿಬ್ಬಂದಿ, ಪ್ರತ್ಯೇಕ ಕೊಠಡಿ, ಬೆಂಕಿ ಮತ್ತು ಜನರಿಂದ ದೂರವಿರುವ ಬಯಲು ಇವೆಲ್ಲ ಇರುತ್ತವೆ. ಜಾತ್ರೆಯ ಬೀದಿಯಲ್ಲಿ ಕರ್ಪೂರ, ಬೀಡಿ, ಪಟಾಕಿ, ಬಜ್ಜಿ ಒಲೆ ಇರುತ್ತವೆ. ಎರಡನ್ನೂ ಹೋಲಿಸಲಾಗದು.

ವೆಚ್ಚದ ಲೆಕ್ಕ

ವ್ಯಾಪಾರಿಗಳು ಹೈಡ್ರೋಜನ್ನಿನತ್ತ ಒಲಿಯುವುದಕ್ಕೆ ಮುಖ್ಯ ಕಾರಣ ಹೀಲಿಯಂ ಬಲೂನಿನ ಬೆಲೆಯನ್ನು ತಪ್ಪಾಗಿ ನಿಗದಿಪಡಿಸಿ ನಷ್ಟ ಅನುಭವಿಸುವುದು. ಕೆಳಗಿನ ದರಗಳು ಲೆಕ್ಕ ತಿಳಿಸುವುದಕ್ಕಾಗಿ ಊಹಿಸಿಕೊಂಡವು. ಓದುಗರು ತಮ್ಮ ಊರಿನ ದರಗಳನ್ನು ಹಾಕಿಕೊಂಡು ನೋಡತಕ್ಕದ್ದು.

30 ಸೆಂಟಿಮೀಟರ್ ವ್ಯಾಸದ ಒಂದು ಬಲೂನಿಗೆ ಸುಮಾರು 14 ಲೀಟರ್ ಅನಿಲ ಬೇಕು. 7 ಘನಮೀಟರ್ ಅಂದರೆ 7,000 ಲೀಟರ್ ಸಾಮರ್ಥ್ಯದ ಸಿಲಿಂಡರಿನಿಂದ ಕಾಗದದ ಮೇಲೆ 500 ಬಲೂನು ತುಂಬಬಹುದು. ಸಿಲಿಂಡರಿನ ಬೆಲೆ 14,000 ರೂ. ಎಂದಾದರೆ ಬಲೂನಿಗೆ ಅನಿಲದ ವೆಚ್ಚ 28 ರೂ. ಅದಕ್ಕೆ ಬಲೂನಿನ 3 ರೂ., ದಾರದ 1 ರೂ. ಸೇರಿಸಿ ವ್ಯಾಪಾರಿಯು 32 ರೂ. ಅಸಲು ಎಂದು ತಿಳಿದು 40 ರೂ.ಗೆ ಮಾರುತ್ತಾನೆ. 8 ರೂ. ಲಾಭವೆಂದು ಸಂತೋಷಪಡುತ್ತಾನೆ.

ವಾಸ್ತವ ಬೇರೆ. ಸಿಲಿಂಡರಿನ ತಳದಲ್ಲಿ ಉಳಿಯುವ ಅನಿಲ, ತುಂಬುವಾಗಿನ ಸೋರಿಕೆ, ಹೆಚ್ಚು ಊದುವುದು ಇವೆಲ್ಲ ಕಳೆದು 400 ಬಲೂನು ದೊರೆತರೆ ಅದೇ ಹೆಚ್ಚು. ಆಗ ಅನಿಲದ ವೆಚ್ಚ 35 ರೂ. ಸಿಲಿಂಡರಿನ ಬಾಡಿಗೆ ಮತ್ತು ಸಾಗಣೆ 1,600 ರೂ. ಎಂದರೆ ಬಲೂನಿಗೆ 4 ರೂ. ಬಲೂನು ಮತ್ತು ದಾರ ಸೇರಿ ಒಟ್ಟು 43 ರೂ. ನಾನೂರಕ್ಕೆ 17,200 ರೂ. ಅದರಲ್ಲಿ ಶೇ. 5ರಷ್ಟು, ಅಂದರೆ 20 ಬಲೂನು ಒಡೆದರೆ ಮಾರಲು ಸಿಗುವುದು 380. ನಿಜವಾದ ಅಸಲು 45 ರೂ. 26 ಪೈಸೆ. 40 ರೂ.ಗೆ ಮಾರಿದವನು ಪ್ರತಿ ಬಲೂನಿನ ಮೇಲೆ 5 ರೂ. 26 ಪೈಸೆ ಕಳೆದುಕೊಂಡಿರುತ್ತಾನೆ. ಈ ನಷ್ಟ ತುಂಬಿಕೊಳ್ಳುವ ಆತುರವೇ ಅವನನ್ನು ಅಪಾಯಕರ ಅನಿಲದ ಕಡೆಗೆ ತಳ್ಳುತ್ತದೆ.

ಈಗ ಗಾಳಿ ತುಂಬಿದ ಬಲೂನನ್ನು ನೋಡೋಣ. ಬಲೂನು 3 ರೂ., ಬಿದಿರಿನ ಅಥವಾ ಕಾಗದದ ಕಡ್ಡಿ 1 ರೂ. 50 ಪೈಸೆ, ಪಂಪು ಇತ್ಯಾದಿ 50 ಪೈಸೆ, ಒಟ್ಟು 5 ರೂ. ಶೇ. 5ರಷ್ಟು ಒಡೆದರೆ ಅಸಲು 5 ರೂ. 26 ಪೈಸೆ. 10 ರೂ.ಗೆ ಮಾರಿದರೆ ಲಾಭ 4 ರೂ. 74 ಪೈಸೆ. ಹಾಕಿದ ಬಂಡವಾಳದ ಮೇಲೆ ಇದು ಶೇ. 90. ಹೀಲಿಯಂ ಬಲೂನನ್ನು 60 ರೂ.ಗೆ ಮಾರಲು ಸಾಧ್ಯವಾದರೂ ಬಂಡವಾಳದ ಮೇಲಿನ ಲಾಭ ಶೇ. 33 ಮಾತ್ರ. ಅದರ ಮೇಲೆ ಸಿಲಿಂಡರಿನ ಠೇವಣಿ ಬೇರೆ. ಉಳಿದ ಹೀಲಿಯಂ ಬಲೂನನ್ನು ಮರುದಿನಕ್ಕೆ ಇಡುವಂತೆಯೂ ಇಲ್ಲ, ಏಕೆಂದರೆ ರಬ್ಬರಿನ ಸೂಕ್ಷ್ಮ ರಂಧ್ರಗಳಿಂದ ಅನಿಲ ಸೋರಿ ಸುಮಾರು ಒಂದು ದಿನದೊಳಗೆ ಅದು ಕೆಳಗಿಳಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಎತ್ತರದಲ್ಲಿರುವ ಚಿತ್ರದುರ್ಗದಲ್ಲಿ ಗಾಳಿ ತೆಳುವಾದ್ದರಿಂದ ಹೀಲಿಯಂನ ಎತ್ತುವ ಶಕ್ತಿ ಮಂಗಳೂರಿಗಿಂತ ಶೇ. 8ರಷ್ಟು ಕಡಿಮೆ ಎಂಬುದೂ ಗಮನಿಸತಕ್ಕ ಅಂಶ.

ದಾಸ್ತಾನಿನ ಮೌಲ್ಯ

ರಬ್ಬರ್ ಬಲೂನಿಗೆ ಮುಪ್ಪುಂಟು. ಬಿಸಿಲು, ಶಾಖ ಮತ್ತು ಗಾಳಿಯಲ್ಲಿನ ಓಜೋನ್ ಅದರ ಸ್ಥಿತಿಸ್ಥಾಪಕತ್ವವನ್ನು ಕುಂದಿಸುತ್ತವೆ. ತಗಡಿನ ಛಾವಣಿಯ ಗೋದಾಮಿನಲ್ಲಿ ಒಂದು ಬೇಸಿಗೆ ಕಳೆದ ಬಲೂನು ಊದುವಾಗಲೇ ಒಡೆಯುತ್ತದೆ. ಆದ್ದರಿಂದ ಮೊದಲು ಬಂದ ಸರಕನ್ನು ಮೊದಲು ಮಾರುವ ಕ್ರಮ ಅನಿವಾರ್ಯ. ಮಾರ್ಚ್ 31ರಂದು ದಾಸ್ತಾನು ಬರೆಯುವಾಗ ಖರೀದಿ ಬೆಲೆ ಅಥವಾ ಮಾರಿದರೆ ದೊರಕುವ ನಿವ್ವಳ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಹಿಡಿಯಬೇಕೆಂಬುದು ಲೆಕ್ಕಶಾಸ್ತ್ರದ ನಿಯಮ. ಹಳಸಿದ ಬಲೂನಿಗೆ ಪೂರ್ಣ ಬೆಲೆ ತೋರಿಸಿದರೆ ಇಲ್ಲದ ಲಾಭಕ್ಕೆ ತೆರಿಗೆ ಕಟ್ಟಿದಂತಾಗುತ್ತದೆ.

ತೆರಿಗೆ ಮತ್ತು ಕಾನೂನು

ಸರಕನ್ನು ಮಾತ್ರ ಮಾರುವ ವ್ಯಾಪಾರಿಗೆ ನಮ್ಮ ರಾಜ್ಯದಲ್ಲಿ ವಾರ್ಷಿಕ 40 ಲಕ್ಷ ರೂ. ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿಯಿಂದ ವಿನಾಯಿತಿ ಇದೆ. ಸೇವೆಗೆ ಈ ಮಿತಿ 20 ಲಕ್ಷ ರೂ. ಬಲೂನು ಮಾರುವುದು ಸರಕಿನ ಪೂರೈಕೆ. ಬಲೂನಿನ ಕಮಾನು ಕಟ್ಟಿ ಮಂಟಪ ಅಲಂಕರಿಸುವುದು ಸಾಮಾನ್ಯವಾಗಿ ಸೇವೆಯ ಸ್ವರೂಪ ಪಡೆಯುತ್ತದೆ. ಒಬ್ಬ ವ್ಯಾಪಾರಿಯು ವರ್ಷಕ್ಕೆ 22 ಲಕ್ಷ ರೂ. ಬಲೂನು ಮಾರಿ, 3 ಲಕ್ಷ ರೂ. ಅಲಂಕಾರದ ಕೆಲಸವನ್ನೂ ಮಾಡಿದನೆಂದು ಭಾವಿಸೋಣ. 40 ಲಕ್ಷ ದಾಟಿಲ್ಲವೆಂದು ಅವನು ನಿಶ್ಚಿಂತನಾಗಿದ್ದರೆ ಅದು ತಪ್ಪು. ಸೇವೆಯೂ ಬೆರೆತಿರುವುದರಿಂದ ಒಟ್ಟು 25 ಲಕ್ಷ ರೂ. ವಹಿವಾಟು 20 ಲಕ್ಷದ ಮಿತಿಯನ್ನು ಮೀರಿದೆ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ವಹಿವಾಟಿನ ಮಾಹಿತಿ ಆಧರಿಸಿ ಸಣ್ಣ ವ್ಯಾಪಾರಿಗಳಿಗೆ ನೋಟಿಸು ನೀಡಿದ್ದನ್ನು ಎಲ್ಲರೂ ಬಲ್ಲರು. ಸರಕು ಮತ್ತು ಸೇವೆಯ ಬಿಲ್ಲುಗಳನ್ನು ಪ್ರತ್ಯೇಕವಾಗಿ ಇಟ್ಟವರಿಗೆ ಉತ್ತರ ಕೊಡುವುದು ಸುಲಭ.

ತೆರಿಗೆ ದರವು ಸರಕಿನ ವರ್ಗೀಕರಣವನ್ನು ಅವಲಂಬಿಸಿದೆ. ಆಟಿಕೆ, ರಬ್ಬರಿನ ಇತರ ವಸ್ತು, ವೈದ್ಯಕೀಯ ಕ್ಯಾಥಿಟರ್ ಇವು ಬೇರೆ ಬೇರೆ ಶೀರ್ಷಿಕೆಗಳಿಗೆ ಸೇರುತ್ತವೆ. 2025ರ ಸೆಪ್ಟೆಂಬರ್ 22ರಿಂದ ಹಲವು ಸರಕುಗಳ ದರಗಳು ಬದಲಾಗಿರುವುದರಿಂದ ಹಳೆಯ ಬಿಲ್ಲು ನೋಡಿ ಹೊಸ ಬಿಲ್ಲು ಬರೆಯುವ ಅಭ್ಯಾಸವನ್ನು ಬಿಡಬೇಕು. ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶವು 2021ರ ಜನವರಿ 1ರಿಂದ ಜಾರಿಯಲ್ಲಿದ್ದು, ಅದರ ವ್ಯಾಪ್ತಿಯ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಸಗಟು ವರ್ತಕರು ತಾವು ತರಿಸುವ ಸರಕಿಗೆ ಇದು ಹೇಗೆ ಅನ್ವಯಿಸುತ್ತದೆ ಎಂಬುದನ್ನು ಖರೀದಿಗೆ ಮುನ್ನವೇ ಖಚಿತಪಡಿಸಿಕೊಳ್ಳಬೇಕು.

ಅನಿಲ ಸಿಲಿಂಡರುಗಳಿಗೆ 2016ರ ಗ್ಯಾಸ್ ಸಿಲಿಂಡರ್ ನಿಯಮಗಳು ಅನ್ವಯಿಸುತ್ತವೆ. ನಿಯತಕಾಲಿಕ ಪರೀಕ್ಷೆಯ ದಿನಾಂಕವನ್ನು ಸಿಲಿಂಡರಿನ ಮೇಲೆ ಒತ್ತಿರಬೇಕು. ಹೀಲಿಯಂ ಸಿಲಿಂಡರಿನ ಬಣ್ಣ ಕಂದು, ಹೈಡ್ರೋಜನ್ನಿನದು ಕೆಂಪು ಎಂಬುದನ್ನು ಪ್ರತಿಯೊಬ್ಬ ವ್ಯಾಪಾರಿಯೂ ತಿಳಿದಿರಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ದೋಷಯುಕ್ತ ಸರಕಿನ ಹೊಣೆಯನ್ನು ತಯಾರಕನ ಮೇಲಷ್ಟೇ ಅಲ್ಲದೆ ಸಂದರ್ಭಾನುಸಾರ ಮಾರಾಟಗಾರ ಮತ್ತು ಸೇವಾದಾತನ ಮೇಲೂ ಹೊರಿಸುತ್ತದೆ. ಒಡೆದ ಬಲೂನಿನ ಚೂರು ಚಿಕ್ಕ ಮಕ್ಕಳ ಗಂಟಲಲ್ಲಿ ಸಿಲುಕುವ ಅಪಾಯವಿರುವುದರಿಂದ ಅಮೆರಿಕದಲ್ಲಿ ಎಂಟು ವರ್ಷದೊಳಗಿನ ಮಕ್ಕಳ ಕುರಿತ ಎಚ್ಚರಿಕೆಯನ್ನು ಪ್ಯಾಕೆಟ್ಟಿನ ಮೇಲೆ ಮುದ್ರಿಸುವುದು ಕಡ್ಡಾಯ. ನಮ್ಮ ಅಂಗಡಿಗಳಲ್ಲಿಯೂ ಪೋಷಕರಿಗೆ ಒಂದು ಮಾತು ಹೇಳುವುದರಿಂದ ವ್ಯಾಪಾರಕ್ಕೆ ನಷ್ಟವಿಲ್ಲ.

ಜೋಗಿಮಟ್ಟಿಯ ಕಾಡು ಮತ್ತು ನಮ್ಮ ಬಲೂನು

ಬಲೂನಿಗೆ ಬಳಸುವ ಪ್ಲಾಸ್ಟಿಕ್ ಕಡ್ಡಿಗಳ ತಯಾರಿಕೆ, ದಾಸ್ತಾನು, ಮಾರಾಟ ಮತ್ತು ಬಳಕೆಯನ್ನು ಕೇಂದ್ರ ಸರ್ಕಾರವು 2022ರ ಜುಲೈ 1ರಿಂದ ನಿಷೇಧಿಸಿದೆ. ಹಳೆಯ ದಾಸ್ತಾನು ಉಳಿದಿದೆಯೆಂಬ ಸಮಜಾಯಿಷಿ ಇಲ್ಲಿ ನಡೆಯದು. ಬಿದಿರು ಮತ್ತು ಕಾಗದದ ಕಡ್ಡಿಗಳು ಇದಕ್ಕೆ ಯೋಗ್ಯ ಬದಲಿ. ಸ್ಥಳೀಯ ಮೇದಾರ ಕುಟುಂಬಗಳಿಗೆ ಬಿದಿರು ಕಡ್ಡಿಯ ಬೇಡಿಕೆ ಒಂದು ಆದಾಯವಾಗಬಲ್ಲದು.

ರಬ್ಬರ್ ಮಣ್ಣಿನಲ್ಲಿ ಕರಗುವ ವಸ್ತುವೆಂದು ಪ್ಯಾಕೆಟ್ಟುಗಳ ಮೇಲೆ ಮುದ್ರಿಸಿರುತ್ತಾರೆ. ಅದು ನಿಜವಾದರೂ ಒಂದೆರಡು ದಿನಗಳಲ್ಲಿ ಆಗುವ ಕ್ರಿಯೆಯಲ್ಲ. ಅದಕ್ಕೆ ಕಟ್ಟಿದ ಪ್ಲಾಸ್ಟಿಕ್ ದಾರವಂತೂ ಕರಗುವುದೇ ಇಲ್ಲ. ಚಿತ್ರದುರ್ಗದ ಮಗ್ಗುಲಲ್ಲೇ ಜೋಗಿಮಟ್ಟಿಯ ಅರಣ್ಯವಿದೆ. ವನ್ಯಜೀವಿಧಾಮವೆಂದು ಘೋಷಿತವಾದ ಈ ಕಾಡಿನ ಅಂಚಿನಲ್ಲೇ ಆಡುಮಲ್ಲೇಶ್ವರದ ಪ್ರಾಣಿಸಂಗ್ರಹಾಲಯವೂ ಇದೆ. ಗಾಳಿಯಂತ್ರಗಳನ್ನು ತಿರುಗಿಸುವಷ್ಟು ಗಾಳಿ ಬೀಸುವ ಈ ಬೆಟ್ಟಸಾಲಿನ ಕೆಳಗೆ ಸಮಾರಂಭಗಳಲ್ಲಿ ಗೊಂಚಲುಗಟ್ಟಲೆ ಹಾರಿಬಿಟ್ಟ ಬಲೂನುಗಳು ಕಾಡಿನಲ್ಲಾಗಲಿ ಹೊಲದಲ್ಲಾಗಲಿ ಬೀಳಲೇಬೇಕು. ಮೇಯುವ ದನ, ಕುರಿ ಮತ್ತು ಕಾಡುಪ್ರಾಣಿಗಳು ಅವನ್ನು ನುಂಗುವ ಸಂಭವವಿದೆ. ಉದ್ಘಾಟನೆಗೆ ಬಲೂನು ಹಾರಿಬಿಡುವ ಪದ್ಧತಿಯ ಬದಲು ಬಲೂನಿನ ಕಮಾನು ಕಟ್ಟಿಸಿದರೆ ಅಲಂಕಾರದ ವ್ಯಾಪಾರಿಗೆ ಹೆಚ್ಚು ಕೆಲಸ ದೊರೆಯುತ್ತದೆ, ಕಾಡಿಗೂ ಹಾನಿಯಿಲ್ಲ.

ಸಾರಾಂಶ

ಮೇಲಿನ ವಿವರಗಳಿಂದ ಹೊರಡುವ ಸಲಹೆಗಳನ್ನು ಹೀಗೆ ಸಂಗ್ರಹಿಸಬಹುದು.

1. ಜಾತ್ರೆ ಮತ್ತು ಬೀದಿ ವ್ಯಾಪಾರದಲ್ಲಿ ಗಾಳಿ ತುಂಬಿದ ಬಲೂನನ್ನೇ ಮುಖ್ಯ ಸರಕಾಗಿಸಿಕೊಳ್ಳುವುದು.

2. ಹೀಲಿಯಂ ಅನ್ನು ಮುಂಗಡ ಆದೇಶ ಮತ್ತು ಪೂರ್ಣ ವೆಚ್ಚದ ಲೆಕ್ಕವಿದ್ದಾಗ ಮಾತ್ರ, ಅಧಿಕೃತ ಸರಬರಾಜುದಾರರಿಂದ, ಪರೀಕ್ಷೆಯ ದಿನಾಂಕ ನೋಡಿ ಪಡೆಯುವುದು. ಸಿಲಿಂಡರನ್ನು ಬಿಸಿಲಿನಲ್ಲಿ ಇಡದೆ, ನೆಟ್ಟಗೆ ನಿಲ್ಲಿಸಿ ಸರಪಳಿಯಿಂದ ಕಟ್ಟುವುದು. ಮೋಜಿಗಾಗಿ ಹೀಲಿಯಂ ಸೇದಲು ಯಾರಿಗೂ ಕೊಡದಿರುವುದು, ಅದರಿಂದ ಉಸಿರುಗಟ್ಟಿ ಪ್ರಾಣವೇ ಹೋಗಬಹುದು.

3. ಹೈಡ್ರೋಜನ್ ತುಂಬಿದ ಬಲೂನನ್ನು ಮಾರದಿರುವುದು, ಅಂತಹ ವ್ಯಾಪಾರಕ್ಕೆ ಕಾಸ್ಟಿಕ್ ಸೋಡಾ, ಹಳೆಯ ಸಿಲಿಂಡರುಗಳನ್ನು ಪೂರೈಸದಿರುವುದು.

4. ಸರಕು ಹಾಗೂ ಸೇವೆಯ ಲೆಕ್ಕಗಳನ್ನು ಬೇರೆಯಾಗಿಡುವುದು, ಹಳಸಿದ ದಾಸ್ತಾನನ್ನು ವರ್ಷಾಂತ್ಯಕ್ಕೆ ಸರಿಯಾದ ಬೆಲೆಗೆ ಇಳಿಸುವುದು.

ಬಲೂನು ಮಾರುವವರಲ್ಲಿ ಬಹುತೇಕರು ಊರೂರು ಅಲೆಯುವ ಬಡವರು. ಈ ಪತ್ರಿಕೆ ಅವರ ಕೈಗೆ ತಲುಪದು. ಆದರೆ ಅವರಿಗೆ ಬಲೂನು, ಪಂಪು, ಕಡ್ಡಿ, ಅನಿಲ ಒದಗಿಸುವ ಸಗಟು ವರ್ತಕರು ನಮ್ಮ ಸಂಸ್ಥೆಯ ಸದಸ್ಯರಾಗಿದ್ದಾರೆ. ಸರಕು ಕೊಡುವಾಗಲೇ ಮೇಲಿನ ಲೆಕ್ಕವನ್ನು ಅವರಿಗೆ ಬಿಡಿಸಿ ಹೇಳಿ, ಅನಿಲದ ಬದಲು ಒಂದು ಕೈಪಂಪನ್ನು ಸಾಲದ ಮೇಲೆ ಕೊಟ್ಟರೂ ಸಾಕು. ಮುಂಬರುವ ಜಾತ್ರೆಗಳಿಗೆ ಮುನ್ನ ಸಂಸ್ಥೆಯು ನಗರಸಭೆ, ಅಗ್ನಿಶಾಮಕ ಇಲಾಖೆ ಮತ್ತು ದೇವಸ್ಥಾನ ಸಮಿತಿಗಳೊಡನೆ ಕಲೆತು, ಜನಸಂದಣಿಯ ಸ್ಥಳಗಳಲ್ಲಿ ಅನಿಲ ಸಿಲಿಂಡರಿಗೆ ಅವಕಾಶವಿಲ್ಲದಂತೆ ಏರ್ಪಾಟು ಮಾಡಬೇಕೆಂದು ಪದಾಧಿಕಾರಿಗಳಲ್ಲಿ ವಿನಂತಿಸುತ್ತೇನೆ. ಮಗುವಿನ ಕೈಗೆ ಕೊಡುವ ಸರಕಿನಲ್ಲಿ ವರ್ತಕನ ಲಾಭಕ್ಕೂ ಮಗುವಿನ ಕ್ಷೇಮಕ್ಕೂ ವಿರೋಧವಿಲ್ಲವೆಂದು ಲೆಕ್ಕವೇ ಹೇಳುತ್ತಿರುವಾಗ ಈ ಕೆಲಸಕ್ಕೆ ತಡಮಾಡಲು ಕಾರಣವಿಲ್ಲ.